ಓರೆಗೀಟಿನ ಆಚೆಗೂ ಈಚೆಗೂ ಒಬ್ಬನೇ ಗಂಡ

ಹತ್ತಿರ ಬನ್ನಿ. ಇನ್ನೂ ಸ್ವಲ್ಪ. ಇದು ನಿಮ್ಮ ಕಿವಿಗೆ ಬಿದ್ದು ಅಲ್ಲೇ ಸಾಯಬೇಕಾದ ಮಾತು. ಮೊದಲು ಮನೆದೇವರ ಮೇಲೆ ಆಣೆ ಹಾಕಿ, ಆಮೇಲೆ ಹೇಳ್ತೀನಿ. ಹಾಕಿದಿರಾ? ಸರಿ. ಒಬ್ಬರ ಮನೆಯ ವಿಷಯವನ್ನು ಇನ್ನೊಬ್ಬರಿಗೆ ಹೇಳುವ ಬುದ್ಧಿ ನನ್ನದಲ್ಲ. ಶ್ರೀರಂಗಪಟ್ಟಣದಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಮನೆಮನೆಗೂ ಹೋಗಿ ನಾನೇ ಇದನ್ನು ಹೇಳಿ ಬಂದಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಮೇಷ್ಟ್ರು ಅಕ್ಷರ ಕಲಿಸಿದರು, ಚುಕ್ಕಿ ಕಲಿಸಿದರು, ಪ್ರಶ್ನೆಯ ಕೊಕ್ಕೆ ಕಲಿಸಿದರು. ಗೋಡೆಗೆ ಒರಗಿಸಿಟ್ಟ ಕೋಲಿನ ಹಾಗೆ ಒಂದು ಓರೆಗೀಟು ಇರ್ತದಲ್ಲ, ಅದನ್ನು ಮಾತ್ರ ಕಲಿಸಲಿಲ್ಲ. ಅವರು ಬಿಟ್ಟ ಪಾಠವನ್ನು ಬಾಳು ಹಿಡಿದುಕೊಂಡಿತು. ಈ ಗೀಟು ಹೋದಲ್ಲೆಲ್ಲ ನನಗೆ ಎದುರಾಗ್ತದೆ, ಒಂದೊಂದು ಕಡೆ ಒಂದೊಂದು ಹೆಸರಿಟ್ಟುಕೊಂಡು. ಎದುರಾದಾಗಲೆಲ್ಲ ಯಾರದಾದರೂ ಮಾನ ಹೋಗ್ತದೆ.

ಹದಿನೇಳು ಬೈ ಎರಡು

ನಮ್ಮ ಬೀದಿಯಲ್ಲಿ ಹದಿನೇಳನೇ ನಂಬರಿನದು ಮೊದಲು ಒಂದೇ ಮನೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಒಂಟಿ ಜೀವಕ್ಕೆ ಇಷ್ಟು ಯಾಕೆ ಅಂತ ಅರ್ಧ ಮಾರಿದೆ. ನಡುವೆ ಗೋಡೆ ಎದ್ದಿತು. ನಂಬರು ಬರೆಯುವವನು ಬಂದು ಬಾಗಿಲ ಮೇಲೆ ನನ್ನದಕ್ಕೆ 17/1, ಅವರದಕ್ಕೆ 17/2 ಅಂತ ಬಣ್ಣದಲ್ಲಿ ಬರೆದ.

"ಇದೇನಪ್ಪ, ಮಧ್ಯದಲ್ಲಿ ಈ ಗೀಟು?" ಅಂದೆ.

"ಅದು ಬೈ ಕಣಮ್ಮ. ಹದಿನೇಳು ಬೈ ಒಂದು, ಹದಿನೇಳು ಬೈ ಎರಡು. ಒಂದಿದ್ದದ್ದು ಒಡೆದು ಎರಡಾಯ್ತು ಅಂತ."

ಆ ಬೈ ಎರಡಕ್ಕೆ ಬಂದವರು ಒಬ್ಬ ಮರಗೆಲಸದ ಆಚಾರಿ, ಅವನ ಹೆಂಡತಿ, ಒಂದು ಹೆಣ್ಣು ಮಗು. ನಡುವಿನದು ಅರ್ಧ ಇಟ್ಟಿಗೆಯ ಗೋಡೆ. ಕಿವಿ ಇಟ್ಟರೆ ಮಾತ್ರ ಕೇಳ್ತದೆ ಅಂತಲ್ಲ, ಇಡದಿದ್ದರೂ ಕೇಳ್ತದೆ. ಆದರೂ ನಾನು ಇಡ್ತಿದ್ದೆ.

ಹನ್ನೊಂದು ವರ್ಷದ ಹಿಂದೆ ಆಚಾರಿ ನಾಗಮಂಗಲದಲ್ಲಿ ಒಂದು ಮನೆಗೆ ಬಾಗಿಲು ಕೂರಿಸಲು ಹೋದ. ಆ ಮನೆಯ ಯಜಮಾನಿಗೆ ಗಂಡ ಇರಲಿಲ್ಲ. ಬಾಗಿಲು ಕೂರಿಸಿದ, ತಾನೂ ಒಳಗೆ ಕೂತ.

ಇಲ್ಲಿ ಅವನ ಹೆಂಡತಿ ಬಾಯಿ ಬಿಡಲಿಲ್ಲ. ಕೇಳಿದವರಿಗೆಲ್ಲ "ಕೆಲ್ಸ ಇನ್ನೂ ಮುಗ್ದಿಲ್ಲ" ಅನ್ನುತ್ತಿದ್ದಳು. ಗಾರ್ಮೆಂಟ್ಸಿಗೆ ಕೆಲಸಕ್ಕೆ ಸೇರಿದಳು, ಮಗಳನ್ನು ಓದಿಸಿದಳು, ಹಣೆಯಲ್ಲಿ ಕುಂಕುಮ ಕಾಸಗಲ ಇಟ್ಟುಕೊಂಡೇ ಓಡಾಡಿದಳು. ಎರಡು ವರ್ಷ ನಾನೂ ಸುಮ್ಮನಿದ್ದೆ. ಆಮೇಲೆ ಒಂದು ದಿನ ನಲ್ಲಿಯ ಹತ್ತಿರ ಕೇಳಿದೆ:

"ಅಲ್ಲ ಕಣವ್ವ, ಎಷ್ಟು ಬಾಗ್ಲು ಆ ಮನೆಗೆ? ಅರಮನೆಗೂ ಅಷ್ಟಿಲ್ಲ."

ಆಬ್ಲಿಕ್

ಮಗಳಿಗೆ ಏನೋ ಸರ್ಟಿಫಿಕೇಟು ಬೇಕು ಅಂತ ಇವಳು ಕಚೇರಿಗೆ ಹೊರಟಳು. ಇವಳಿಗೆ ಓದಲು ಬರೋದಿಲ್ಲ, ಸೈನು ಮಾತ್ರ ಹಾಕ್ತಾಳೆ. ನನಗೆ ಓದಲು ಬರ್ತದೆ, ಅದಕ್ಕಿಂತ ಹೆಚ್ಚಾಗಿ ಹೊತ್ತು ಹೋಗೋದಿಲ್ಲ. ಜೊತೆಗೆ ಹೋದೆ.

ಅರ್ಜಿಯಲ್ಲಿ "ತಂದೆ/ಗಂಡನ ಹೆಸರು" ಅಂತ ಅಚ್ಚಾಗಿತ್ತು. ಇವಳ ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಗುಮಾಸ್ತೆ ತಲೆ ಎತ್ತದೆ ಹೇಳಿದ:

"ತಂದೆ ಆಬ್ಲಿಕ್ ಗಂಡ. ಬೇಡದ್ದನ್ನ ಹೊಡೆದಾಕಿ."

"ಆಬ್ಲಿಕ್ ಅಂದ್ರೆ ಯಾರು ಸಾ?" ಅಂದೆ ನಾನು. ಮೂರನೆಯವನು ಒಬ್ಬ ಇದ್ದರೆ ತಿಳಿದುಕೊಳ್ಳೋದು ಒಳ್ಳೆಯದಲ್ಲವಾ.

"ಯಾರೂ ಅಲ್ಲಮ್ಮ, ಈ ಗೀಟು. ಇದೋ ಅದೋ ಅಂತ ಅರ್ಥ. ಎರಡೂ ಅಚ್ಚಾಗಿರ್ತದೆ, ಒಂದನ್ನ ನೀವು ಹೊಡೀಬೇಕು."

ಪಕ್ಕದ ಮನೆಯವಳು ಪೆನ್ನು ಹಿಡಿದು ಕೂತಳು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಕೊನೆಗೆ ಮೆಲ್ಲಗೆ ಕೇಳಿದಳು:

"ಎರಡ್ನೂ ಒಡೆದಾಕ್‌ಬೋದಾ ಸಾ?"

ಆಗ ಗುಮಾಸ್ತೆ ತಲೆ ಎತ್ತಿದ. "ಅದೆಂಗಮ್ಮ ಆಯ್ತದೆ? ಎಂಗಸು ಅಂದ್ಮೇಲೆ ಯಾರಾದ್ರೂ ಒಬ್ರು ಇರ್ಲೇಬೇಕು."

"ನಾನೂ ಅಂಗೇ ಅನ್ಕಂಡಿದ್ದೆ" ಅಂದಳು.

ಬೈಟು

ತಂಗಿಯ ಮಗಳ ಮನೆಗೆ ಅಂತ ನಾಗಮಂಗಲಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲು. ಗೋಡೆಯ ಮೇಲೆ "1/2 ಇಲ್ಲ" ಅಂತ ಬೋರ್ಡು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಡೋದಿಲ್ಲ ಅಂತ. ಅದೇ ಗೀಟು, ಇಲ್ಲಿ ಅದಕ್ಕೆ ಬೈಟು ಅಂತ ಹೆಸರು.

ಒಬ್ಬ ಗಂಡಸು ಆ ಬೋರ್ಡಿನ ಕೆಳಗೇ ನಿಂತು ಜಗಳ ಆಡ್ತಿದ್ದ. "ಒಂದ್ ಬೈಟು ಕೊಟ್ರೆ ನಿನ್ ಗಂಟೇನ್ಲಾ ಓಯ್ತದೆ?"

ದನಿ ಕೇಳಿದ ಹಾಗಾಯ್ತು. ಅರ್ಧ ಇಟ್ಟಿಗೆ ಗೋಡೆಯ ಆಚೆಯಿಂದ ಎಷ್ಟು ವರ್ಷ ಕೇಳಿದ ದನಿ. ತಿರುಗಿ ನೋಡಿದರೆ ನಮ್ಮ ಆಚಾರಿ. ಹೊಟ್ಟೆ ಬಂದಿತ್ತು, ಕೂದಲಿಗೆ ಬಣ್ಣ ಹಚ್ಚಿದ್ದ. ಮೇಜಿನ ಹತ್ತಿರ ಹೂ ಮುಡಿದ ಹೆಂಗಸು ಕೂತಿದ್ದಳು, ನಾಗಮಂಗಲದವಳು.

"ಏನ್ಲಾ ಆಚಾರಿ, ಬಾಗ್ಲು ಕೆಲ್ಸ ಮುಗೀತಾ?" ಅಂದೆ.

ಕುಡಿಯುವ ಮೊದಲೇ ಅವನಿಗೆ ನೆತ್ತಿಗೆ ಹತ್ತಿತು. "ದೊಡ್ಡವ್ವ, ನಿನ್ ಕಾಲ್ಗೆ ಬೀಳ್ತೀನಿ, ನಾ ಸಿಕ್ಕಿದ್ದೆ ಅಂತ ಯಾರ್ಗೂ ಏಳ್ಬೇಡ."

"ನಾನ್ಯಾಕಪ್ಪ ಏಳ್ಲಿ" ಅಂದೆ. ಕೊಟ್ಟ ಮಾತು ಅಂದರೆ ಮಾತು. ಬಸ್ಸು ಪಾಂಡವಪುರ ದಾಟುವ ಹೊತ್ತಿಗೆ ಕಂಡಕ್ಟರಿಗೆ ಮಾತ್ರ ಗೊತ್ತಿತ್ತು. ಅವನು ಡ್ರೈವರಿಗೆ ಹೇಳಿದರೆ ನಾನು ಜವಾಬ್ದಾರಳಲ್ಲ.

ಬಾರ್

ಮಗಳಿಗೆ ಕೆ.ಆರ್. ಪೇಟೆಯಿಂದ ಸಂಬಂಧ ಬಂತು. ಹುಡುಗನಿಗೆ ಅಕ್ಕಸಾಲಿ ಕೆಲಸ, ಒಳ್ಳೆಯ ಹುಡುಗ. ಹುಡುಗಿಗೂ ಒಪ್ಪಿಗೆ. ಜೊತೆಗೆ ಬಂದದ್ದು ಅವನ ದೊಡ್ಡಪ್ಪ, ಮೀಸೆಗೆ ಎಣ್ಣೆ ಹಚ್ಚಿಕೊಂಡು. ಬೈ ಎರಡರ ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಾ ಜಮೀನಿನ ವಿಷಯ ತೆಗೆದ. ನನ್ನನ್ನು ಯಾರೂ ಕರೆದಿರಲಿಲ್ಲ, ಆದರೆ ಜಗಲಿಗೆ ನಡುವೆ ಗೋಡೆ ಇಲ್ಲ.

"ಕೆರೆ ಕೆಳ್ಗೆ ನಮ್ದು ಜಮೀನೈತೆ. ಸರ್ವೆ ನಂಬರು ನಲವತ್ತೆಂಟು ಬಾರ್ ಮೂರು ಬಾರ್ ಎರಡು" ಅಂದ ಗತ್ತಿನಿಂದ.

ಗೀಟು ಮತ್ತೆ ಬಂತಲ್ಲ ಅಂತ ನನ್ನ ಕಿವಿ ನೆಟ್ಟಗಾಯ್ತು. "ಯಜಮಾನ್ರೆ, ಆ ಬಾರ್ ಅಂದ್ರೆ ಓರೆಗೀಟೇ ಅಲ್ವಾ? ಒಂದೊಂದು ಗೀಟ್ಗೂ ಒಂದೊಂದ್ಸಲ ಪಾಲಾಗಿರ್ತದೆ. ಇಷ್ಟು ಪಾಲಾದ್ಮೇಲೆ ನಿಮ್ಗೆ ಉಳ್ದಿರೋದು ಗದ್ದೆನೋ, ಬದುನೋ?"

ಅವನು ಬಾಯಲ್ಲಿದ್ದ ತುತ್ತು ನುಂಗಿದ. ತಟ್ಟೆ ಕೆಳಗಿಟ್ಟ. ಮೀಸೆ ಒರೆಸಿಕೊಂಡ.

"ಅದಿರ್ಲಿ, ಉಡ್ಗಿ ಅಪ್ಪ ಎಲ್ಲವ್ರೆ?"

ಅಲ್ಲಿಯವರೆಗೂ ಅವರು ಕೇಳಿರಲಿಲ್ಲ ನೋಡಿ. ಪಕ್ಕದ ಮನೆಯವಳು "ಎಲ್ಲೋ ಅವ್ರೆ" ಅಂದಳು. ನಾನು ಅವತ್ತು ಮೊದಲ ಸಲ ಸುಮ್ಮನಾದೆ, ಆದರೆ ಹೊತ್ತು ಮೀರಿತ್ತು.

ದೊಡ್ಡಪ್ಪ ಷರತ್ತು ಹಾಕಿದ. "ಬದ್ಕಿದ್ರೆ ಬಂದು ಧಾರೆ ಎರೀಲಿ. ಸತ್ತಿದ್ರೆ ಸೋದರಮಾವ ಎರೀಲಿ, ನಮ್ದೇನೂ ಅಭ್ಯಂತರ ಇಲ್ಲ. ಕಾರ್ಡಲ್ಲಿ ಎರಡ್ರಲ್ಲೊಂದು ಇರ್ಬೇಕು. ಎಲ್ಲೋ ಅವ್ರೆ ಅನ್ನೋದು ನಮ್ಮ ಕಡೆ ನಡೆಯಾಕಿಲ್ಲ."

ಇದರ ಭಾರ ನಿಮಗೆ ಗೊತ್ತಾಗಬೇಕು. ಸತ್ತ ಅಂತ ಹಾಕಿಸಿದರೆ ಇವಳು ಹಣೆಯ ಕುಂಕುಮ ಅಳಿಸಿ, ಮಗಳ ಮದುವೆಯಲ್ಲಿ ಕಂಬದ ಮರೆಗೆ ನಿಲ್ಲಬೇಕು. ಬದುಕಿದ್ದಾನೆ ಅಂತ ಹಾಕಿಸಿದರೆ ಅವನು ಬರಬೇಕು. ಬರದಿದ್ದರೆ ಮಂಟಪದಲ್ಲೇ ಸಂಬಂಧ ಮುರಿಯಬಹುದು.

ಅವರು ಹೋದ ಮೇಲೆ ಇವಳು ತಟ್ಟೆಗಳನ್ನು ಎತ್ತುತ್ತಾ ಅಂದಳು: "ಬಂದೋರಿಗೆ ಎಲೆ ಅಡ್ಕೆ ಆಮೇಲ್ ಕೊಟ್ಟು, ಮೊದ್ಲು ನಿನ್ ಬಾಯ್ಗೆ ತುರುಕ್‌ಬೇಕಾಗಿತ್ತು ದೊಡ್ಡವ್ವ."

ಹಾಳೆಗೆ ಸೈನು

ಕಾರ್ಡು ಮಾಡಿಸಲು ಪಾಂಡವಪುರದ ಪ್ರೆಸ್ಸಿಗೆ ಹೋದೆವು. ಪ್ರೆಸ್ಸಿನವನು ಕಂಪ್ಯೂಟರಿನ ಮುಂದೆ ಕೂತು ಕೇಳಿದ: "ಹುಡುಗಿ ತಂದೆ? ಶ್ರೀ ಹಾಕ್ಲೋ, ದಿವಂಗತ ಹಾಕ್ಲೋ?"

ಇವಳು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು. "ಎರಡ್ ದಿನ ಟೈಮ್ ಕೊಡಣ್ಣ, ಯೋಚ್ನೆ ಮಾಡಿ ಏಳ್ತೀನಿ" ಅಂದಳು.

ಅವನಿಗೆ ಇದು ಹೊಸದಲ್ಲ ಅಂತ ಕಾಣ್ತದೆ. "ಶ್ರೀ/ದಿವಂಗತ" ಅಂತ ಎರಡನ್ನೂ ಟೈಪು ಮಾಡಿ, ಮಧ್ಯೆ ನನ್ನ ಹಳೆಯ ಗೀಟನ್ನು ಇಟ್ಟ. ಅವನು ಅದಕ್ಕೆ ಸ್ಲ್ಯಾಶ್ ಅಂದ. ಅದರಲ್ಲೂ ಎರಡು ಜಾತಿ ಇದೆಯಂತೆ, ಮುಂದಕ್ಕೆ ಬಾಗಿದ್ದು ಒಂದು, ಹಿಂದಕ್ಕೆ ವಾಲಿದ್ದು ಇನ್ನೊಂದು. "ಹಿಂದಕ್ಕೆ ವಾಲಿದ್ದು ಕಾರ್ಡಿನ ಕೆಲಸಕ್ಕೆ ಬರಲ್ಲಮ್ಮ" ಅಂದ. ಗೋಡೆಗೆ ಒರಗಿದ ಗಂಡಸು ಯಾವ ಕೆಲಸಕ್ಕೆ ಬರ್ತಾನೆ ಹೇಳಿ, ಇನ್ನು ಗೀಟು ಯಾವ ಲೆಕ್ಕ.

ಎರಡು ದಿನ ಬಿಟ್ಟು ಇವಳು ನನ್ನ ಬಾಗಿಲಿಗೆ ಬಂದಳು. ಗಾರ್ಮೆಂಟ್ಸಿನಲ್ಲಿ ರಜಾ ಸಿಕ್ಕಿರಲಿಲ್ಲ. "ದೊಡ್ಡವ್ವ, ಶ್ರೀ ಅಂತ್ಲೇ ಇರ್ಲಿ. ಬರ್ದೇ ಓದ್ರೆ ಓಗ್ಲಿ. ಬದ್ಕಿರೋನ್ನ ನಾನ್ಯಾಕೆ ಸಾಯಿಸ್ಲಿ, ಅವ್ನಿಗೋಸ್ಕರ ಕುಂಕುಮ ಯಾಕೆ ಅಳಿಸ್ಲಿ. ನೀನು ಓಗಿ ಆ ಇನ್ನೊಂದ್ನ ಒಡ್ಸಿ ಬಾ."

ಹೋದೆ. ಪ್ರೆಸ್ಸಿನವನು ಕಾರ್ಡಿನ ಮಾದರಿ ಹಾಳೆಯನ್ನೂ ಪೆನ್ನನ್ನೂ ಕೊಟ್ಟ. "ಬೇಡದ್ದನ್ನ ಹೊಡೆದು, ಕೆಳಗೆ ಸೈನ್ ಹಾಕಿ" ಅಂದ.

ಈಗ ನಾನು ಆಣೆ ಹಾಕಿಸಿಕೊಂಡದ್ದು ಯಾಕೆ ಅಂತ ಹೇಳ್ತೀನಿ. ಅವನ ಪಕ್ಕದಲ್ಲಿ ಇನ್ನೊಂದು ಮದುವೆಯ ಕಾರ್ಡುಗಳ ಕಟ್ಟು ಇತ್ತು, ಅರ್ಧ ಹರಿದು ಹಾಕಿದ್ದು. "ಇದೇನಪ್ಪ?" ಅಂದೆ. "ಅಯ್ಯೋ ಬಿಡಮ್ಮ" ಅಂದ. ಅಯ್ಯೋ ಬಿಡಮ್ಮ ಅಂದರೆ ನಾನು ಬಿಡ್ತೀನಾ? ಒಬ್ಬನೇ ಹುಡುಗನಿಗೆ ಒಂದೇ ತಿಂಗಳಲ್ಲಿ ಎರಡು ಕಾರ್ಡು ಅಚ್ಚಾಗಿತ್ತಂತೆ, ಹುಡುಗಿಯರು ಬೇರೆ ಬೇರೆ. ಅವನು ಹೇಳ್ತಾ ಹೋದ, ನಾನು ಕೇಳ್ತಾ ಹೋದೆ. ಎರಡನೇ ಹುಡುಗಿಯ ಅಣ್ಣಂದಿರು ಪ್ರೆಸ್ಸಿಗೆ ನುಗ್ಗಿದ ಜಾಗಕ್ಕೆ ಬರುವ ಹೊತ್ತಿಗೆ ನಾನು ಕೆಳಗೆ ಸೈನು ಹಾಕಿ ಆಗಿತ್ತು. ಮೇಲೆ ಹೊಡೆಯಬೇಕಾದ್ದು ಹಾಗೇ ಉಳಿಯಿತು.

ಆದರೆ ಕತೆ ಮಾತ್ರ ಪೂರ್ತಿ ಕೇಳಿಕೊಂಡು ಬಂದೆ. ಆ ಹುಡುಗನಿಗೆ ಮೂರನೆಯವಳೂ ಇದ್ದಳಂತೆ.

ಅರಿಶಿನ ಬಿದ್ದ ಮೇಲೆ

ಕಾರ್ಡಿನ ಕಟ್ಟು ಮನೆಗೆ ಬಂತು. ಇವಳು ದೇವರ ಮುಂದೆ ಇಟ್ಟು, ಒಂದೊಂದನ್ನೇ ತೆಗೆದು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದಳು. ನಾನೂ ಕೈಜೋಡಿಸಿದೆ. ಎಲ್ಲ ಮುಗಿದ ಮೇಲೆ ಕಾಲೇಜಿನಿಂದ ಬಂದ ಮಗಳು ಒಂದನ್ನು ಎತ್ತಿ ಓದಿದಳು. ಮತ್ತೆ ಓದಿದಳು.

"ಅವ್ವ, ಅಪ್ಪನ ಹೆಸರಿನ ಹಿಂದೆ ಶ್ರೀ, ಗೀಟು, ದಿವಂಗತ ಅಂತ ಅಚ್ಚಾಗಿದೆ."

ನಾನು ಬೆರಳಿಗೆ ಅಂಟಿದ ಅರಿಶಿನ ಒರೆಸಿಕೊಳ್ಳುತ್ತಾ, "ಈ ಪ್ರೆಸ್ಸಿನೋರನ್ನ ನಂಬಾಕಾಗಲ್ಲ ಕಣವ್ವ" ಅಂದೆ.

ಇವಳು ಗೋಡೆಗೆ ಒರಗಿ ಕೂತುಬಿಟ್ಟಳು. ಅರಿಶಿನ ಬಿದ್ದ ಕಾರ್ಡನ್ನು ಹರಿಯುವ ಹಾಗಿಲ್ಲ. ಪೆನ್ನಿನಲ್ಲಿ ಹೊಡೆದು ತಿದ್ದೋಣ ಅಂದರೆ, ಶುಭದ ಕಾಗದದ ಮೇಲೆ ಕಾಟು ಹಾಕಿ ಯಾರ ಮನೆಗೆ ಕೊಡೋದು?

ಮಗಳೇ ಕಾರ್ಡು ಕೆಳಗಿಟ್ಟಳು. "ಇರ್ಲಿ ಬಿಡವ್ವ. ಹನ್ನೊಂದು ವರ್ಷದಿಂದ ಇದ್ದದ್ದು ಇದ್ದಂಗೇ ಅಚ್ಚಾಗದೆ."

ಕಾರ್ಡು ಹಂಚಿದರು. ಮೂರನೇ ದಿನಕ್ಕೆ ಕೆ.ಆರ್. ಪೇಟೆಯ ದೊಡ್ಡಪ್ಪ ಕಾರ್ಡು ಹಿಡಿದುಕೊಂಡು ಬಂದ. ಮೀಸೆಗೆ ಎಣ್ಣೆ ಇರಲಿಲ್ಲ. "ಏನಮ್ಮ ಇದು? ನಾನು ಎರಡ್ರಲ್ಲೊಂದು ಆಕ್ಸಿ ಅಂದ್ರೆ ನೀವು ಎರಡ್ನೂ ಆಕ್ಸಿದ್ದೀರಿ. ನೆಂಟ್ರು ಕೇಳ್ತಾವ್ರೆ, ಯಾವ್ದನ್ನ ಓದ್ಕಳಾನ?"

ಇವಳು ಕಾರ್ಡನ್ನು ಇಸಿದುಕೊಂಡು, ತಿರುಗಿಸಿ ಅವನ ಕೈಗೇ ವಾಪಸು ಕೊಟ್ಟಳು.

"ಬಂದ್ರೆ ಮೊದಲನೇದು, ಬರ್ದಿದ್ರೆ ಎರಡನೇದು."

ನಾಗಮಂಗಲಕ್ಕೆ ಒಂದು ಕಾರ್ಡು

ಆ ಕಾರ್ಡನ್ನು ಅವನಿಗೆ ತಲುಪಿಸೋದು ಯಾರು? ಇವಳು ಹೋಗುವುದಿಲ್ಲ, ಮಗಳು ಹೋಗುವುದಿಲ್ಲ. ತಪ್ಪು ನನ್ನದು, ಅದು ನನಗೊಬ್ಬಳಿಗೇ ಗೊತ್ತು. ಹೋದೆ. ಪ್ರಾಯಶ್ಚಿತ್ತಕ್ಕೆ ಅರ್ಧ, ಆ ಮನೆಯನ್ನು ಒಳಗಿನಿಂದ ನೋಡುವ ಆಸೆಗೆ ಅರ್ಧ.

ಬಾಗಿಲು ನಿಜವಾಗಿಯೂ ಚೆನ್ನಾಗಿ ಮಾಡಿದ್ದ. ಅದನ್ನು ಇಲ್ಲ ಅನ್ನಬಾರದು.

ಕಾರ್ಡು ಕೊಟ್ಟೆ. ಓದಿ ಬಿಳಿಚಿಕೊಂಡ. "ದೊಡ್ಡವ್ವ, ನಾನು ಸತ್ತೆ ಅಂತ ಆಕ್ಸವ್ರಾ?"

"ಇನ್ನೂ ಇಲ್ಲ ಕಣ್ಲಾ. ಮುಹೂರ್ತದ ತಂಕ ಟೈಮೈತೆ."

ನಾಗಮಂಗಲದವಳು ಅಡುಗೆ ಮನೆಯಿಂದ ಬಂದು ಕಾರ್ಡು ಕಿತ್ತುಕೊಂಡು ಓದಿದಳು. ಕೂಗಾಡ್ತಾಳೆ ಅಂತ ನಾನು ಸೆರಗು ಸರಿಮಾಡಿಕೊಂಡು ಕೂತೆ. ಅವಳು ಕೂಗಾಡಲಿಲ್ಲ. ಅವನ ಮುಖ ನೋಡಿ, "ನೀನು ಓಗ್ಲಿಲ್ಲ ಅಂದ್ರೆ ಆ ಊರಲ್ಲಿ ಎಣ. ಸತ್ತೋನ್ನ ಮನೇಲಿ ಇಟ್ಕಂಡವಳು ಅಂತ ಈ ಊರಲ್ಲಿ ನನ್ನ ಆಡ್ಕಂತಾರೆ. ಓಗಿ ಬದ್ಕಿ ಬಾ" ಅಂದಳು.

ಕೆಟ್ಟವಳು ಅಂತ ಬಯ್ಯಲು ಹೋದ ನನಗೆ ಬಯ್ಯೋಕೆ ಏನೂ ಸಿಗಲಿಲ್ಲ. ಬರಿಗೈಲಿ ಬಸ್ಸು ಹತ್ತಿದೆ.

ಮುಹೂರ್ತ

ಕರಿಘಟ್ಟದ ಹತ್ತಿರದ ಒಂದು ಛತ್ರದಲ್ಲಿ ಮದುವೆ. ಇವಳು ಕುಂಕುಮ ಇಟ್ಟುಕೊಂಡೇ ಬಂದಿದ್ದಳು, ಹಸಿರು ಬಳೆ ತೊಟ್ಟುಕೊಂಡೇ ಬಂದಿದ್ದಳು. ಬೆಳಗೊಳದಿಂದ ಬಂದ ಅವಳ ತಮ್ಮ, ಅಕಸ್ಮಾತ್ ಧಾರೆ ಎರೆಯಬೇಕಾದೀತು ಅಂತ ಒದ್ದೆ ಪಂಚೆಯಲ್ಲಿ ನಿಂತಿದ್ದ. ಕೆ.ಆರ್. ಪೇಟೆಯ ದೊಡ್ಡಪ್ಪ ಬಾಗಿಲನ್ನೇ ನೋಡುತ್ತಿದ್ದ. ಇಡೀ ಛತ್ರವೇ ಬಾಗಿಲನ್ನು ನೋಡುತ್ತಿತ್ತು. ಹುಡುಗ ಹುಡುಗಿಯನ್ನು ನೋಡಿದವರು ಯಾರೂ ಇಲ್ಲ.

ಪುರೋಹಿತರು ಕರೆದರು. "ಕನ್ಯೆಯ ತಂದೆ ತಾಯಿ ಬನ್ನಿ."

ಇವಳು ಒಬ್ಬಳೇ ಎದ್ದು ಹೋಗಿ ಮಣೆಯ ಮೇಲೆ ಕೂತಳು. ಪಕ್ಕದ ಮಣೆ ಖಾಲಿ. ಪುರೋಹಿತರು ಗಡಿಯಾರ ನೋಡಿದರು, ದೊಡ್ಡಪ್ಪ ಕೆಮ್ಮಿದ, ತಮ್ಮ ಒಂದು ಹೆಜ್ಜೆ ಮುಂದೆ ಇಟ್ಟ. ಇವಳ ಕೈ ಹಣೆಯವರೆಗೆ ಹೋಗಿ ಬಂತು. ನಿಜ ಹೇಳ್ತೀನಿ, ಆವತ್ತು ನನ್ನ ನಾಲಿಗೆ ಒಣಗಿತು. ನಾನು ಹೊಡೆಯದೆ ಬಿಟ್ಟ ಒಂದು ಪದ ಅವಳ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತ ಹಾಗಿತ್ತು.

ಆಗ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕಾರ್ಡು. ಒಳಗೆ ಬಿಡದಿದ್ದರೆ ತೋರಿಸಲು ಇರಲಿ ಅಂತ ತಂದಿದ್ದನೇನೋ. ಇವಳು ತಿರುಗಿ ನೋಡಲಿಲ್ಲ. ಪಕ್ಕದ ಮಣೆಯನ್ನು ಒಂದು ಗೇಣು ಆಚೆ ತಳ್ಳಿದಳು. ಅವನು ಅಲ್ಲಿ ಕೂತ. ಧಾರೆ ಎರೆದರು. ಮಗಳು ತಲೆ ಎತ್ತಲಿಲ್ಲ, ದೊಡ್ಡಪ್ಪ ಮೀಸೆ ಸವರಿಕೊಂಡ, ವಾಲಗದವರು ಜೋರಾಗಿ ಬಾರಿಸಿದರು.

ಊಟದ ಪಂಕ್ತಿಯಲ್ಲಿ ಒಬ್ಬ ಮುದುಕ ಅವನ ಪಕ್ಕ ಕೂತು ಮುಖ ದಿಟ್ಟಿಸಿ, "ನೀನು ಸತ್ತೋಗ್ಲಿಲ್ವೇನ್ಲಾ?" ಅಂತ ಕೇಳಿದ. ಆಚಾರಿ ಅನ್ನ ಕಲಸುತ್ತಾ ಮೆಲ್ಲಗೆ ಹೇಳಿದ: "ಇಲ್ಲ ಯಜ್ಮಾನ್ರೆ. ಸದ್ಯಕ್ಕೆ ಗೀಟಿನ ಈ ಕಡೇಲೇ ಇವ್ನಿ."

ಊಟವಾದ ಮೇಲೂ ಅವನು ಹೊರಡಲಿಲ್ಲ. ಕುರ್ಚಿ ಜೋಡಿಸಿದ, ಚಪ್ಪರದ ಗಳ ಮುಟ್ಟಿ ನೋಡಿದ, ನೆಂಟರಿಗೆ ನೀರು ಕೊಟ್ಟ. ಮನೆಗೆ ಬಾ ಅಂತ ಕರೀತಾಳೆ ಅಂತ ಆಸೆ ಇತ್ತು ಅಂತ ಕಾಣ್ತದೆ. ಇವಳು ಬಾಗಿಲಲ್ಲಿ ನಿಂತು ಹೊರಟವರಿಗೆಲ್ಲ ತೆಂಗಿನಕಾಯಿ ತಾಂಬೂಲದ ಚೀಲ ಕೊಡ್ತಿದ್ದಳು. ಅವನು ಹತ್ತಿರ ಬಂದು ನಿಂತ. ಅವನ ಕೈಗೂ ಒಂದು ಚೀಲ ಕೊಟ್ಟಳು. ಎಲ್ಲರಿಗೂ ಮುಗಿದ ಹಾಗೇ ಅವನಿಗೂ ಕೈ ಮುಗಿದಳು.

"ಬಂದಿದ್ದು ಬಾಳ ಸಂತೋಷ. ನಾಗಮಂಗಲದ ಬಸ್ಸು ಎದುರ್ಗೇ ನಿಲ್ತದೆ."

ಅವನು ಚೀಲ ಹಿಡಿದು ಬಸ್ಸಿನ ಕಡೆ ನಡೆದ. ನಾನು ಕಣ್ಣು ಒರೆಸಿಕೊಂಡು, ನನ್ನ ಚೀಲ ತೆಗೆದುಕೊಳ್ಳಲು ಅವಳ ಮುಂದೆ ನಿಂತೆ. ಆದರೆ ಅವಳ ಎಡಗೈಯಲ್ಲಿ ಒಂದು ಹಾಳೆ ಇತ್ತು. ಪ್ರೆಸ್ಸಿನವನೂ ಊಟಕ್ಕೆ ಬಂದಿದ್ದ. ಕಾರ್ಡು ಕೆಡಿಸಿದೆ ಅಂತ ಇವಳು ಬೈದದ್ದಕ್ಕೆ, ಸೈನು ಬಿದ್ದ ಹಾಳೆಯನ್ನು ಅವಳ ಕೈಗೆ ಕೊಟ್ಟುಹೋಗಿದ್ದ. ಅವಳಿಗೆ ಓದಲು ಬರೋದಿಲ್ಲ. ಆದರೆ ಕೋಳಿ ಕೆದಕಿದ ಹಾಗಿರುವ ನನ್ನ ಸೈನು ಗುರುತು ಹಿಡಿಯಲು ಓದಬೇಕಾಗಿಲ್ಲ.

ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ತಾಂಬೂಲ ಕೊಟ್ಟಳು, ಬೇರೆಯವರಿಗಿಂತ ಒಂದು ಕಾಯಿ ಹೆಚ್ಚಿಗೆ ಹಾಕಿ. ಕೊಟ್ಟು, ಬಂದವರೆಲ್ಲರ ಎದುರಿಗೆ, ನನ್ನ ಮುಖಕ್ಕೇ ಹೇಳಿದಳು:

"ದೊಡ್ಡವ್ವ, ನಿನ್ ತಿಥಿ ಕಾರ್ಡು ಮಾಡ್ಸೋಳು ನಾನೇ. ಅದ್ರಲ್ಲೂ ಎರಡ್ನೂ ಆಕಿಸ್ತೀನಿ, ಯಾವ್ದನ್ನೂ ಒಡ್ಸಾಕಿಲ್ಲ. ನೀನು ಸತ್ರೂ ನಿನ್ ನಾಲ್ಗೆ ಸಾಯೋದು ಅನುಮಾನ."